ದಾದಿಯರ ಪರದೇಶ ಯಾತ್ರೆ: ದಾರಿಯ ಖರ್ಚು ಯಾರದು?

1998ರ ಮಳೆಗಾಲ. ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಸಣ್ಣ ಪೇಟೆಯ ಬ್ಯಾಂಕಿನಲ್ಲಿ ನಾನು ಚಿನ್ನದ ಸಾಲದ ಕೌಂಟರಿನಲ್ಲಿ ಕುಳಿತಿದ್ದೆ. ನಡುವಯಸ್ಸಿನ ಹೆಂಗಸೊಬ್ಬರು ಬಟ್ಟೆಯ ಗಂಟು ಬಿಚ್ಚಿ ಒಂದು ಸರ, ಎರಡು ಜೊತೆ ಬಳೆ, ಒಂದು ಜೊತೆ ಬೆಂಡೋಲೆಗಳನ್ನು ಮೇಜಿನ ಮೇಲಿಟ್ಟರು. ಸರಾಫರು ಒರೆಗೆ ಹಚ್ಚಿ, ತೂಗಿ, 14 ಪವನು ಎಂದರು. ಫಾರಮಿನಲ್ಲಿ ಸಾಲದ ಉದ್ದೇಶ ಬರೆಯಬೇಕಾದ್ದರಿಂದ "ಯಾವುದಕ್ಕೆ ಅಕ್ಕಾ ಹಣ?" ಎಂದು ಕೇಳಿದೆ. "ಮಗಳು ನರ್ಸಿಂಗ್ ಮುಗಿಸಿದ್ದಾಳೆ ಅಣ್ಣಾ. ಗಲ್ಫಿಗೆ ವೀಸಾ ಆಗಿದೆಯಂತೆ. ಏಜೆಂಟರಿಗೆ ಕೊಡಬೇಕು" ಎಂದರು. ನಾನು 'ಮನೆ ಖರ್ಚಿಗೆ' ಎಂದು ಬರೆದು ಸಹಿ ಹಾಕಿಸಿಕೊಂಡೆ. ವೀಸಾದ ಕಾಗದ ನೀವು ಕಣ್ಣಾರೆ ನೋಡಿದ್ದೀರಾ ಎಂದು ಕೇಳಲಿಲ್ಲ. ಅದು ಬ್ಯಾಂಕಿನವನ ಕೆಲಸವಲ್ಲ ಎಂದುಕೊಂಡೆ.

ಆ ಮನೆಗೆ ಮುಂದೆ ಏನಾಯಿತೆಂಬುದನ್ನು ಕೊನೆಗೆ ಹೇಳುತ್ತೇನೆ. ಓದುಗರೇ, ನಾನು ಇತಿಹಾಸಕಾರನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿಗೆ ಸೇರಿ ಲೆಕ್ಕದ ಪುಸ್ತಕಗಳ ನಡುವೆ ಆಯುಷ್ಯ ಕಳೆದವನು. ಲೆಕ್ಕ ಬರೆಯುವವನಿಗೆ ಯಾವ ವ್ಯವಹಾರದಲ್ಲೂ ಮೊದಲು ಏಳುವ ಪ್ರಶ್ನೆ ಒಂದೇ: ಹಣ ಯಾರ ಕಿಸೆಯಿಂದ ಹೋಯಿತು? ನಮ್ಮ ನಾಡಿನ ದಾದಿಯರು ಹೊರದೇಶಗಳಿಗೆ ಹೋದ ಅರುವತ್ತು ವರ್ಷಗಳ ಚರಿತ್ರೆಯನ್ನು ಅದೇ ಪ್ರಶ್ನೆ ಇಟ್ಟುಕೊಂಡು ಓದಿದ್ದೇನೆ. ನನಗೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈ ವೃತ್ತಿ ನಮ್ಮಲ್ಲಿ ಹೇಗಿತ್ತೆಂದು ನೋಡೋಣ. 1946ರಲ್ಲಿ ಸರ್ ಜೋಸೆಫ್ ಭೋರ್ ಅವರ ಸಮಿತಿ ದೇಶದ ಆರೋಗ್ಯ ವ್ಯವಸ್ಥೆಯ ಬಗ್ಗೆ ವರದಿ ಕೊಟ್ಟಿತು. ಅಂದಿನ ಬ್ರಿಟಿಷ್ ಇಂಡಿಯಾದ ಸುಮಾರು 30 ಕೋಟಿ ಜನರಿಗೆ ಇದ್ದ ತರಬೇತಾದ ದಾದಿಯರು ಸುಮಾರು 7,000 ಮಾತ್ರ. ಎಂದರೆ 43,000 ಜನರಿಗೆ ಒಬ್ಬರು. ಪರರ ಮೈ ಮುಟ್ಟುವ, ಮಲಮೂತ್ರ ತೆಗೆಯುವ, ರಾತ್ರಿಪಾಳಿ ಮಾಡುವ ಕೆಲಸಕ್ಕೆ ಮೇಲುಜಾತಿಯ ಮನೆಗಳವರು ಮಗಳನ್ನು ಕಳುಹಿಸಲು ಒಪ್ಪುತ್ತಿರಲಿಲ್ಲ. ಮುಸ್ಲಿಂ ಮನೆಗಳಲ್ಲೂ ಸಂಕೋಚವಿತ್ತು. ಬಂದವರಲ್ಲಿ ಬಹುಪಾಲು ಕ್ರೈಸ್ತ ಕುಟುಂಬಗಳ ಹುಡುಗಿಯರು. ಅವರನ್ನು ತಯಾರು ಮಾಡಿದ್ದೂ ಹೆಚ್ಚಾಗಿ ಮಿಶನ್ ಆಸ್ಪತ್ರೆಗಳೇ. ಜತ್ತ ಕಡೆಯ ಓದುಗರಿಗೆ ಮಿರಜದ ವಾನ್‌ಲೆಸ್ ಆಸ್ಪತ್ರೆ ಗೊತ್ತು. ಅಲ್ಲಿ 19ನೇ ಶತಮಾನ ಮುಗಿಯುವ ಮೊದಲೇ ದಾದಿಯರ ಶಾಲೆ ಶುರುವಾಗಿತ್ತು. ವೆಲ್ಲೂರಿನಲ್ಲಿ ಡಾ. ಐಡಾ ಸ್ಕಡರ್ ಅವರು ಕಟ್ಟಿದ ಆಸ್ಪತ್ರೆಯಲ್ಲಿ 1946ರಲ್ಲಿ ನರ್ಸಿಂಗ್ ಪದವಿ ತರಗತಿಯೇ ಆರಂಭವಾಯಿತು. ನಮ್ಮ ಕಾಸರಗೋಡು 1956ರ ನವೆಂಬರ್ 1ರ ತನಕ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಇಂದಿಗೂ ಜೋರಾಗಿ ಕಾಯಿಲೆ ಬಿದ್ದರೆ ನಮಗೆ ಮಂಗಳೂರೇ ಗತಿ. ಅಲ್ಲಿನ ವಾರ್ಡುಗಳಲ್ಲಿ ನಾವು ಮೊದಲು ಕಲಿಯುವ ಇಂಗ್ಲಿಷ್ ಪದ 'ಸಿಸ್ಟರ್'.

ಆ ಕಾಲದಲ್ಲಿ ನರ್ಸಿಂಗ್ ಕಲಿಯುವುದಕ್ಕೆ ಹಣ ಬೇಕಾಗಿರಲಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ವಿದ್ಯಾರ್ಥಿನಿಗೆ ಊಟ, ವಸತಿ ಕೊಟ್ಟು, ಕೈಗೆ ಒಂದಿಷ್ಟು ಭತ್ಯೆಯನ್ನೂ ಕೊಡುತ್ತಿದ್ದರು. ಬದಲಿಗೆ ಅವಳು ವಾರ್ಡಿನಲ್ಲಿ ದುಡಿಯುತ್ತಿದ್ದಳು. ತಿರುವಾಂಕೂರು, ಕೊಚ್ಚಿ ಸೀಮೆಯ ಬಡ ಕೃಷಿಕರ ಮನೆಯ ಹುಡುಗಿಯರು ಇದನ್ನು ಹಿಡಿದುಕೊಂಡರು. ಕಲಿತು ದಿಲ್ಲಿ, ಮುಂಬಯಿ, ಮದರಾಸುಗಳ ಆಸ್ಪತ್ರೆ ಸೇರಿ ಊರಿಗೆ ಮನಿಯಾರ್ಡರು ಕಳುಹಿಸಿದರು. ತಂಗಿಯರನ್ನೂ ಓದಿಸಿ ತಮ್ಮ ಹಿಂದೆಯೇ ಕರೆಸಿಕೊಂಡರು.

ಅಲ್ಲಿಂದ ಪರದೇಶಕ್ಕೆ ದೊಡ್ಡ ಸಂಖ್ಯೆಯಲ್ಲಿ ಹೊರಟ ಮೊದಲ ಗುಂಪುಗಳಲ್ಲಿ ಒಂದು ಪಶ್ಚಿಮ ಜರ್ಮನಿಗೆ ಹೋಯಿತು. ಯುದ್ಧದ ನಂತರ ಆ ದೇಶದಲ್ಲಿ ಹೊಸ ಆಸ್ಪತ್ರೆಗಳು ಎದ್ದಿದ್ದವು. ರೋಗಿಗಳನ್ನು ನೋಡಿಕೊಳ್ಳಲು ಜನ ಸಾಲುತ್ತಿರಲಿಲ್ಲ. 1960ರ ದಶಕದಲ್ಲಿ ಕ್ಯಾಥೊಲಿಕ್ ಚರ್ಚಿನ ಮೂಲಕ ಕೇರಳದ ಸಾವಿರಾರು ಹುಡುಗಿಯರು ಅಲ್ಲಿಗೆ ಹೋದರು. ಹಲವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಭಾಷೆಯ ಒಂದಕ್ಷರ ತಿಳಿಯದೆ ಹೋಗಿ, ಅಲ್ಲೇ ಭಾಷೆ ಕಲಿತು, ಅಲ್ಲೇ ದಾದಿಯರಾದರು. ಪ್ರಯಾಣದ ಏರ್ಪಾಡು ಚರ್ಚು ಮತ್ತು ಆಸ್ಪತ್ರೆಗಳದ್ದಾಗಿತ್ತು. ಏಜೆಂಟನೆಂಬ ಮನುಷ್ಯ ಆ ಚಿತ್ರದಲ್ಲಿ ಇನ್ನೂ ಬಂದಿರಲಿಲ್ಲ.

ಹಾಗೆಂದು ಅವರ ಬಾಳು ಸುಸೂತ್ರವಾಗಿತ್ತೆಂದು ಹೇಳಲಾಗದು. 1973ರಲ್ಲಿ ಪಶ್ಚಿಮ ಜರ್ಮನಿ ಹೊರಗಿನ ಕೆಲಸಗಾರರ ನೇಮಕಾತಿಯನ್ನು ನಿಲ್ಲಿಸಿತು. 1977ರ ಹೊತ್ತಿಗೆ ಕೆಲವು ರಾಜ್ಯಗಳು ಈ ದಾದಿಯರ ವಾಸದ ಪರವಾನಗಿಯನ್ನು ಮುಂದುವರಿಸಲು ಒಪ್ಪಲಿಲ್ಲ. ಹತ್ತು ವರ್ಷ ಅಲ್ಲಿನ ರೋಗಿಗಳ ಸೇವೆ ಮಾಡಿದವರಿಗೆ ಊರಿಗೆ ಹೋಗಿ ಎಂದರು. ಕೆಲವರು ಮರಳಿದರು, ಕೆಲವರು ಅಮೆರಿಕದ ದಾರಿ ಹಿಡಿದರು. ಜರ್ಮನರನ್ನು ಮದುವೆಯಾದವರು, ಪರವಾನಗಿ ಉಳಿದವರು ಅಲ್ಲೇ ನಿಂತರು. ಊರಿಂದ ಮದುವೆಯಾಗಿ ಬಂದ ಗಂಡಂದಿರಿಗೆ ಹಲವು ವರ್ಷ ಅಲ್ಲಿ ದುಡಿಯಲು ಅನುಮತಿ ಇರಲಿಲ್ಲ. ಹೆಂಡತಿ ಆಸ್ಪತ್ರೆಗೆ, ಗಂಡ ಮನೆಯಲ್ಲಿ ಮಗುವಿನೊಂದಿಗೆ. ದಾರಿಯ ಖರ್ಚು ಬೇರೆಯವರು ಕೊಟ್ಟರಷ್ಟೇ ಸಾಲದು, ಉಳಿಯುವ ಹಕ್ಕು ಕಾಗದದಲ್ಲಿ ಬರೆದಿರಬೇಕು ಎಂಬುದು ಜರ್ಮನಿಯ ಪಾಠ.

ಅಮೆರಿಕದ ಬಾಗಿಲು ತೆರೆದದ್ದು 1965ರಲ್ಲಿ. ಯಾವ ದೇಶದಲ್ಲಿ ಹುಟ್ಟಿದವರು ಎಂಬುದರ ಮೇಲೆ ಜನರನ್ನು ಒಳಗೆ ಬಿಡುವ ಹಳೆಯ ಪದ್ಧತಿಯನ್ನು ಆ ವರ್ಷದ ಕಾನೂನು ತೆಗೆದುಹಾಕಿತು. ಬೇಕಾದ ವಿದ್ಯೆ ಇರುವವರಿಗೆ ಆದ್ಯತೆ ಕೊಟ್ಟಿತು. ವೈದ್ಯರ ಜೊತೆಗೆ ದಾದಿಯರೂ ಆ ಸಾಲಿನಲ್ಲಿದ್ದರು. ಹೆಂಡತಿ ಮೊದಲು ಹೋಗಿ ಕೆಲಸ ಹಿಡಿದು, ಆಮೇಲೆ ಗಂಡ, ಮಕ್ಕಳು, ಅಣ್ಣತಮ್ಮಂದಿರನ್ನು ಕರೆಸಿಕೊಂಡ ಮನೆಗಳು ಕೇರಳದಲ್ಲಿ ಅಸಂಖ್ಯ. ಶೀಬಾ ಜಾರ್ಜ್ ಎಂಬ ವಿದ್ವಾಂಸರು 2005ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ.

ಆದರೆ ಅಮೆರಿಕಕ್ಕೆ ಕಾಲಿಟ್ಟ ಮಾತ್ರಕ್ಕೆ ದಾದಿಯಾಗಲು ಬರುವುದಿಲ್ಲ. ಆಯಾ ರಾಜ್ಯದ ಪರವಾನಗಿ ಪರೀಕ್ಷೆ ಪಾಸಾಗಬೇಕು. ಆರಂಭದ ವರ್ಷಗಳಲ್ಲಿ ಹೊರಗಿನಿಂದ ಬಂದ ಬಹಳ ಮಂದಿ ಅದರಲ್ಲಿ ನಪಾಸಾಗಿ, ಕಡಿಮೆ ಸಂಬಳಕ್ಕೆ ಸಹಾಯಕಿಯರಾಗಿ ದುಡಿಯಬೇಕಾಯಿತು. ಇದನ್ನು ಕಂಡು 1977ರಲ್ಲಿ ವಿದೇಶಿ ದಾದಿಯರ ವಿದ್ಯೆಯನ್ನು ಪರಿಶೀಲಿಸುವ ಆಯೋಗವೊಂದು ಅಲ್ಲಿ ಹುಟ್ಟಿತು. ಸಿ.ಜಿ.ಎಫ್.ಎನ್.ಎಸ್. ಎಂದು ನರ್ಸಿಂಗ್ ಓದುವ ಮಕ್ಕಳು ಹೇಳುವುದು ಇದನ್ನೇ. ಹೊರಡುವ ಮೊದಲೇ ಪರೀಕ್ಷೆ ಬರೆದು ತನ್ನ ಯೋಗ್ಯತೆ ಅಳೆದುಕೊಳ್ಳುವ ಅವಕಾಶ ಅದರಿಂದಾಯಿತು. ಪರೀಕ್ಷೆ ಕಷ್ಟವೆಂದು ಬೈಯುವವರು ಇದನ್ನೂ ಯೋಚಿಸಬೇಕು. ಮನೆಯಲ್ಲಿದ್ದು ನಪಾಸಾದರೆ ಪರೀಕ್ಷೆಯ ಶುಲ್ಕ ಮಾತ್ರ ಹೋಗುತ್ತದೆ. ಹೋಗಿ ನಪಾಸಾದರೆ ಹೋಗುವುದು ಅದಕ್ಕಿಂತ ಬಹಳ ದೊಡ್ಡದು.

ಇನ್ನು ಗಲ್ಫ್. ನಮ್ಮ ಜಿಲ್ಲೆಯ ಯಾವ ಮನೆಗೂ ಈ ಹೆಸರು ಹೊಸದಲ್ಲ. 1973ರಲ್ಲಿ ತೈಲದ ಬೆಲೆ ಒಮ್ಮೆಲೇ ಏರಿದ ಮೇಲೆ ಅರಬ್ ದೇಶಗಳು ಆಸ್ಪತ್ರೆಗಳನ್ನು ಕಟ್ಟಿಸಿದವು. ಅಲ್ಲಿನ ಆರೋಗ್ಯ ಇಲಾಖೆಗಳು ಮುಂಬಯಿ, ದಿಲ್ಲಿಗಳಿಗೆ ಬಂದು ಸಂದರ್ಶನ ನಡೆಸಿದವು. ಹೀಗೆ ನೇರವಾಗಿ ಆಯ್ಕೆಯಾದವರಿಗೆ ಟಿಕೆಟು, ವಸತಿ ಸರಕಾರದ್ದೇ. ಅವರ ಮನೆಗಳಿಗೆ ಬರುತ್ತಿದ್ದ ಡ್ರಾಫ್ಟುಗಳನ್ನು ನಾನೇ ಜಮೆ ಮಾಡಿದ್ದೇನೆ. ತಿಂಗಳಿಗೆ ಸರಿಯಾಗಿ ಬರುತ್ತಿದ್ದವು.

ಆದರೆ ಬೇಡಿಕೆ ಇದ್ದಲ್ಲಿ ದಲ್ಲಾಳಿಯೂ ಬರುತ್ತಾನೆ. ಆಸ್ಪತ್ರೆ ಬಿಟ್ಟಿಯಾಗಿ ಕೊಟ್ಟ ವೀಸಾ ನಡುವಿನ ನಾಲ್ಕು ಕೈ ದಾಟಿ ಬರುವಾಗ ಅದಕ್ಕೊಂದು ಬೆಲೆ ಅಂಟುತ್ತಿತ್ತು. 1922ರ ಹಳೆಯ ಕಾನೂನಿನ ಬದಲಿಗೆ 1983ರಲ್ಲಿ ವಲಸೆ ಕಾಯಿದೆ ಬಂತು. ಪರವಾನಗಿ ಇಲ್ಲದೆ ಯಾರೂ ಹೊರದೇಶದ ಕೆಲಸಕ್ಕೆ ಜನ ಕಳುಹಿಸಬಾರದು, ಶುಲ್ಕಕ್ಕೆ ಮಿತಿ ಇರಬೇಕು ಎಂದು ಅದು ಹೇಳಿತು. ಕಾನೂನು ಕಚೇರಿಯಲ್ಲಿತ್ತು, ದಲ್ಲಾಳಿ ಊರಲ್ಲಿದ್ದ. 1990ರ ಆಗಸ್ಟ್‌ನಲ್ಲಿ ಇರಾಕ್ ಸೈನ್ಯ ಕುವೈತಿಗೆ ನುಗ್ಗಿದಾಗ ಸುಮಾರು 1,70,000 ಭಾರತೀಯರನ್ನು ವಿಮಾನಗಳಲ್ಲಿ ಮನೆಗೆ ತರಬೇಕಾಯಿತು. ಜೀವ ಉಳಿಸಿಕೊಂಡು ಬಂದವರಲ್ಲಿ ಎಷ್ಟೋ ಮಂದಿಗೆ, ಹೋಗಲು ಮಾಡಿದ ಸಾಲ ಊರಿನಲ್ಲಿ ಕಾಯುತ್ತಿತ್ತು.

1990ರ ದಶಕದಲ್ಲಿ ಇನ್ನೊಂದು ಬದಲಾವಣೆಯಾಯಿತು. ಭತ್ಯೆ ಕೊಟ್ಟು ಕಲಿಸುತ್ತಿದ್ದ ಕಾಲ ಹಿಂದೆ ಸರಿದು, ಶುಲ್ಕ ತೆಗೆದುಕೊಂಡು ಕಲಿಸುವ ಖಾಸಗಿ ಕಾಲೇಜುಗಳು ಬೆಂಗಳೂರು, ಮಂಗಳೂರುಗಳಲ್ಲಿ ಒಂದರ ಮೇಲೊಂದು ಎದ್ದವು. ಅಲ್ಲಿ ಬಹುಪಾಲು ಕೇರಳದ ಮಕ್ಕಳೇ ತುಂಬಿದರು. 2001ರಿಂದ ಬ್ಯಾಂಕುಗಳಲ್ಲಿ ಶಿಕ್ಷಣ ಸಾಲದ ಮಾದರಿ ಯೋಜನೆ ಬಂತು. 4 ಲಕ್ಷ ರೂಪಾಯಿ ತನಕ ಅಡಮಾನ ಬೇಕಿರಲಿಲ್ಲ. ಒಳ್ಳೆಯ ಯೋಜನೆ. ನಾನೂ ಎಷ್ಟೋ ಅರ್ಜಿ ತುಂಬಿಸಿದ್ದೇನೆ. ಆದರೆ ಕಲಿತು ಬಂದ ಹುಡುಗಿಗೆ ಊರಿನ ಖಾಸಗಿ ಆಸ್ಪತ್ರೆಯಲ್ಲಿ ಸಿಗುತ್ತಿದ್ದ ಸಂಬಳದಲ್ಲಿ ಕಂತು ಕಟ್ಟಲು ಆಗುತ್ತಿರಲಿಲ್ಲ. ಕೆಲವು ಕಡೆ ಸರ್ಟಿಫಿಕೇಟುಗಳನ್ನು ಹಿಡಿದಿಟ್ಟುಕೊಂಡು ಬಾಂಡ್ ಬರೆಸಿಕೊಳ್ಳುತ್ತಿದ್ದರು. 2011 ಮತ್ತು 2012ರಲ್ಲಿ ಕೇರಳದ ದಾದಿಯರು ಬೀದಿಗಿಳಿದು ಮುಷ್ಕರ ಹೂಡಿದ್ದು ಇದಕ್ಕಾಗಿಯೇ. ಮೊದಲು ಕಲಿಯುವ ಸಾಲ, ಅದನ್ನು ತೀರಿಸಲು ಹೊರಗೆ ಹೋಗುವ ಆಸೆ, ಹೋಗಲು ಇನ್ನೊಂದು ಸಾಲ. ಅಜ್ಜಿಯ ಕಾಲದಲ್ಲಿ ಬಡವರನ್ನು ಮೇಲೆತ್ತಿದ ಅದೇ ವೃತ್ತಿ ಮೊಮ್ಮಗಳ ಕಾಲದಲ್ಲಿ ಸಾಲದ ಮೂಲವಾಯಿತು.

ಇದರ ಪರಿಣಾಮ ಎಂಥದ್ದೆಂದು ದೇಶಕ್ಕೆ ತಿಳಿದದ್ದು 2014ರಲ್ಲಿ. ಇರಾಕಿನ ತಿಕ್ರಿತ್ ನಗರದ ಆಸ್ಪತ್ರೆಯಲ್ಲಿ 46 ಮಂದಿ ಭಾರತೀಯ ದಾದಿಯರು ಉಗ್ರರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದರು. ಒಬ್ಬರ ಹೊರತು ಎಲ್ಲರೂ ಕೇರಳದವರು. ಅವರನ್ನು ಮೋಸುಲ್‌ಗೆ ಒಯ್ದು, ಕೊನೆಗೆ ಬಿಟ್ಟರು. ಜುಲೈ 5ರಂದು ಕೊಚ್ಚಿಯಲ್ಲಿ ವಿಮಾನ ಇಳಿದಾಗ ಊರಿಗೇ ಹಬ್ಬ. ಆದರೆ ಯುದ್ಧದ ನಾಡಿಗೆ ಯಾಕೆ ಹೋದಿರಿ ಎಂದು ಕೇಳಿದವರಿಗೆ ಹಲವರು ಕೊಟ್ಟ ಉತ್ತರ ಸಾಲ ಎಂಬುದೇ. ಮರು ವರ್ಷ ಇನ್ನೊಂದು ಸಂಗತಿ ಹೊರಬಿತ್ತು. ಕುವೈತಿಗೆ ದಾದಿಯರನ್ನು ಕಳುಹಿಸುತ್ತಿದ್ದ ಕೊಚ್ಚಿಯ ಸಂಸ್ಥೆಯೊಂದರ ಮೇಲೆ ಸಿಬಿಐ ಕೇಸು ಹಾಕಿತು. ನಿಯಮದಂತೆ ಇಪ್ಪತ್ತು ಸಾವಿರ ರೂಪಾಯಿಯ ಒಳಗೆ ತೆಗೆದುಕೊಳ್ಳಬೇಕಾದಲ್ಲಿ ತಲೆಗೆ ಹತ್ತೊಂಬತ್ತೂವರೆ ಲಕ್ಷದಷ್ಟು ತೆಗೆದುಕೊಂಡರೆಂಬುದು ಆರೋಪ. ಸೊನ್ನೆಗಳನ್ನು ಎಣಿಸುವುದು ನನ್ನ ಕಸುಬಾಗಿತ್ತು. ಆ ಸುದ್ದಿಯನ್ನು ನಾನು ಎರಡು ಸಲ ಓದಿದೆ.

ಆಗ ಕೇಂದ್ರ ಸರಕಾರ ಎಚ್ಚೆತ್ತಿತು. 2015ರ ಮೇ 30ರಿಂದ ಗಲ್ಫ್ ಸೇರಿದಂತೆ 18 ದೇಶಗಳಿಗೆ ದಾದಿಯರನ್ನು ಕಳುಹಿಸುವ ಕೆಲಸವನ್ನು ಖಾಸಗಿಯವರಿಂದ ತೆಗೆದು ಸರಕಾರಿ ಸಂಸ್ಥೆಗಳಿಗೆ ಒಪ್ಪಿಸಿತು. ಮೊದಲು ಕೇರಳದ ನೋರ್ಕಾ ರೂಟ್ಸ್ ಮತ್ತು 1977ರಲ್ಲಿ ಹುಟ್ಟಿದ ಒಡೆಪೆಕ್ ಎಂಬ ಎರಡು ಸಂಸ್ಥೆಗಳು. ಆಮೇಲೆ ಬೇರೆ ರಾಜ್ಯಗಳ ಸಂಸ್ಥೆಗಳನ್ನೂ ಸೇರಿಸಿದರು.

ಬ್ರಿಟನ್ನಿನ ಕಥೆ ಸ್ವಲ್ಪ ಬೇರೆ. ಅಲ್ಲಿನ ಸರಕಾರಿ ಆಸ್ಪತ್ರೆಗಳು 2000ದ ಆಸುಪಾಸಿನಲ್ಲಿ ನಮ್ಮ ದಾದಿಯರನ್ನು ದೊಡ್ಡ ಪ್ರಮಾಣದಲ್ಲಿ ಕರೆದವು. ಕೆಲಸ ಹುಡುಕುವವರಿಂದ ನೇಮಕಾತಿ ಸಂಸ್ಥೆ ಹಣ ತೆಗೆದುಕೊಳ್ಳಬಾರದೆಂಬ ನೀತಿಸಂಹಿತೆಯೂ ಅಲ್ಲಿದೆ. 2014ರಿಂದ ಎರಡು ಹಂತದ ಪರೀಕ್ಷೆ ಬಂತು. ಒಂದನ್ನು ಇಲ್ಲೇ ಕಂಪ್ಯೂಟರಿನಲ್ಲಿ ಬರೆಯಬಹುದು, ಇನ್ನೊಂದನ್ನು ಅಲ್ಲಿ ಕೈಯಾರೆ ಮಾಡಿ ತೋರಿಸಬೇಕು. ಇದರ ಮೇಲೆ ಇಂಗ್ಲಿಷಿನ ಪರೀಕ್ಷೆ. ಕನ್ನಡ ಮಾಧ್ಯಮದ ನಮ್ಮ ಮಕ್ಕಳು ಹೆಚ್ಚು ಎಡವುವುದು ಇಲ್ಲೇ. ಐಇಎಲ್‌ಟಿಎಸ್ ಅಲ್ಲದೆ, ಆಸ್ಪತ್ರೆಯ ಮಾತುಕತೆಯನ್ನೇ ಆಧರಿಸಿದ ಓಇಟಿ ಎಂಬ ಪರೀಕ್ಷೆಯನ್ನೂ 2017ರಿಂದ ಅವರು ಒಪ್ಪುತ್ತಾರೆ. ಮಾರ್ಕು ಕಡಿಮೆ ಬಂದವರನ್ನು ಹಿಡಿಯಲು ಅಲ್ಲೂ ದಲ್ಲಾಳಿಗಳು ಕಾದಿದ್ದರು. 2022ರ ಫೆಬ್ರವರಿಯಲ್ಲಿ ವೃದ್ಧರನ್ನು ನೋಡಿಕೊಳ್ಳುವ 'ಕೇರ್ ವರ್ಕರ್' ಕೆಲಸಕ್ಕೆ ಬ್ರಿಟನ್ ವೀಸಾ ಸುಲಭ ಮಾಡಿದಾಗ, ನಮ್ಮ ಎಷ್ಟೋ ದಾದಿಯರು ಲಕ್ಷಗಟ್ಟಲೆ ಕೊಟ್ಟು ಆ ದಾರಿಯಲ್ಲಿ ಹೋದರು. ಕೆಲವರಿಗೆ ಹೇಳಿದ ಕೆಲಸವೇ ಅಲ್ಲಿರಲಿಲ್ಲ. 2025ರ ಜುಲೈ 22ರಿಂದ ಹೊರದೇಶದಿಂದ ಹೊಸದಾಗಿ ಆ ಕೆಲಸಕ್ಕೆ ಕರೆಸಿಕೊಳ್ಳುವುದನ್ನೇ ಅವರು ನಿಲ್ಲಿಸಿದ್ದಾರೆ. ದಾದಿಯ ಕೆಲಸ ಬೇರೆ, ಕೇರ್ ವರ್ಕರ್ ಕೆಲಸ ಬೇರೆ ಎಂಬುದನ್ನು ನೆನಪಿಡಿ.

ಈಗ ಚಕ್ರ ಒಂದು ಸುತ್ತು ಬಂದಿದೆ. ಅಂದು ದಾದಿಯರನ್ನು ಮರಳಿ ಹೋಗಿ ಎಂದ ಜರ್ಮನಿಯೇ ಇಂದು ಮತ್ತೆ ಕರೆಯುತ್ತಿದೆ. 2021ರ ಡಿಸೆಂಬರ್‌ನಲ್ಲಿ ನೋರ್ಕಾ ರೂಟ್ಸ್ ಮತ್ತು ಜರ್ಮನಿಯ ಸರಕಾರಿ ಸಂಸ್ಥೆಗಳ ನಡುವೆ 'ಟ್ರಿಪಲ್ ವಿನ್' ಎಂಬ ಒಪ್ಪಂದವಾಯಿತು. ಆಯ್ಕೆಯಾದವರಿಗೆ ಜರ್ಮನ್ ಭಾಷೆಯನ್ನು ಇಲ್ಲೇ ಕಲಿಸುತ್ತಾರೆ. ಅದರ ಖರ್ಚು, ವಿಮಾನದ ಟಿಕೆಟು, ಯಾವುದೂ ದಾದಿಯ ತಲೆಯ ಮೇಲಿಲ್ಲ. ಕರೆಸಿಕೊಳ್ಳುವವನು ಖರ್ಚು ಕೊಡಬೇಕೆಂಬುದು ಹೊಸ ಮಾತಲ್ಲ. ಕೆಲಸಗಾರರಿಂದ ನೇಮಕಾತಿ ಶುಲ್ಕ ಪಡೆಯಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1997ರಲ್ಲೇ ಹೇಳಿದೆ. ದಾದಿಯರ ಕೊರತೆ ಇರುವುದು ಅವರಿಗೆ. ಕೊರತೆ ಇರುವವನು ಹಣ ಕೊಡುವುದು ಯಾವ ಸಂತೆಯಲ್ಲೂ ಇರುವ ನ್ಯಾಯ. ನಮ್ಮ ಮಕ್ಕಳ ವಿಷಯದಲ್ಲಿ ಮಾತ್ರ ಅದು ತಲೆಕೆಳಗಾಗಿತ್ತು.

ಗಡಿನಾಡಿನ ಕನ್ನಡಿಗರಾದ ನಮಗೆ ಇಲ್ಲಿ ಒಂದು ಹೆಚ್ಚಿನ ತೊಡಕಿದೆ. ಸರಕಾರದ ಪ್ರಕಟಣೆ ಮಲಯಾಳದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಬರುತ್ತದೆ. ಮಗಳು ಓದಿದ್ದು ಕರ್ನಾಟಕದಲ್ಲಿ, ಮನೆ ಇರುವುದು ಬೇರೆ ರಾಜ್ಯದಲ್ಲಿ. ಆದ್ದರಿಂದ ಕೆಲವು ಮಾತುಗಳನ್ನು ಬಿಡಿಸಿ ಹೇಳುತ್ತೇನೆ. ಕೇರಳದವರಿಗೆ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಇರುವಂತೆ, ಹೊಸೂರು, ತಾಳವಾಡಿ, ನೀಲಗಿರಿಯವರಿಗೆ ತಮಿಳುನಾಡಿನ ಓವರ್‌ಸೀಸ್ ಮ್ಯಾನ್‌ಪವರ್ ಕಾರ್ಪೊರೇಶನ್ ಇದೆ. ಆದವಾನಿ, ರಾಯದುರ್ಗ, ಮಡಕಶಿರದವರಿಗೆ ಆಂಧ್ರದ ಓಂಕ್ಯಾಪ್, ತೆಲಂಗಾಣದವರಿಗೆ ಟಾಮ್‌ಕಾಮ್. ಬೇರೆ ಯಾವುದೇ ಏಜೆಂಟನಾದರೂ ಅವನಿಗೆ ಕೇಂದ್ರದ ಪರವಾನಗಿ ಇದೆಯೇ ಎಂಬುದನ್ನು 'ಇ-ಮೈಗ್ರೇಟ್' ಎಂಬ ಸರಕಾರಿ ತಾಣದಲ್ಲಿ ನೋಡಬಹುದು. ಪರವಾನಗಿ ಇರುವವನು ಸಹ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಕೇಳಿ. ಕರ್ನಾಟಕದಲ್ಲಿ ಓದಿ ಅಲ್ಲಿನ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ದಾಖಲಿಸಿದವರ ದೃಢೀಕರಣ ಅಲ್ಲಿಂದಲೇ ಬರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಮೊದಲೇ ಅರ್ಜಿ ಹಾಕಿ. ಮೂಲ ಸರ್ಟಿಫಿಕೇಟುಗಳನ್ನು ಯಾರ ಕೈಗೂ ಒಪ್ಪಿಸಿ ಬರಬೇಡಿ.

ಆ ತಾಯಿಯ ಕಥೆ ಉಳಿಯಿತು. ಮಗಳಿಗೆ ವೀಸಾ ಆಗಿರಲೇ ಇಲ್ಲ. ಏಜೆಂಟ್ ಕೆಲವು ತಿಂಗಳು ನಾಳೆ, ನಾಡಿದ್ದು ಎಂದ. ಆಮೇಲೆ ಅವನ ಕಚೇರಿಗೆ ಬೀಗ ಬಿತ್ತು. ಒಡವೆ ಬಿಡಿಸಿಕೊಳ್ಳಲು ಆಗಲಿಲ್ಲ. ಏಲಂ ನೋಟೀಸಿನ ಲಕೋಟೆಯ ಮೇಲೆ ವಿಳಾಸ ಬರೆದದ್ದು ನಾನೇ. ಆ ಹುಡುಗಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಸೇರಿ, ನೆಂಟರಿಂದ ತಂದಿದ್ದ ಉಳಿದ ಸಾಲವನ್ನು ವರ್ಷಗಟ್ಟಲೆ ದುಡಿದು ತೀರಿಸಿದಳು. ಪರದೇಶಕ್ಕೆ ಹೋಗಲಿಲ್ಲ.

ಕಳೆದ ವರ್ಷ ಆ ತಾಯಿ ನಮ್ಮ ಮನೆಗೆ ಬಂದರು. ಈಗ ತಲೆ ಪೂರ್ತಿ ಬಿಳಿ. ಮೊಮ್ಮಗಳಿಗೆ ಜರ್ಮನಿಯ ಕೆಲಸದ ಕಾಗದ ಬಂದಿದೆಯಂತೆ. "ಅಣ್ಣಾ, ಈ ಸಲ ಮೊದಲು ಓದಿ ಹೇಳಿ" ಎಂದು ಲಕೋಟೆ ಮುಂದಿಟ್ಟರು. ಕನ್ನಡಕ ಹಾಕಿಕೊಂಡು ನಾನು ಮೊದಲು ಹುಡುಕಿದ್ದು ಖರ್ಚು ಯಾರದೆಂಬ ಸಾಲನ್ನು. ಮೂರನೇ ಪುಟದಲ್ಲಿ ಇತ್ತು. ಅದನ್ನು ಕನ್ನಡದಲ್ಲಿ ಎರಡು ಸಲ ಓದಿ ಹೇಳಿದೆ. "ಹಾಗಾದರೆ ಚಿನ್ನ ಇಡಬೇಕಾಗಿಲ್ಲವೋ?" ಎಂದರು. "ಇಲ್ಲ ಅಕ್ಕಾ, ಇಡಬೇಕಾಗಿಲ್ಲ" ಎಂದೆ. 1998ರಲ್ಲೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವತ್ತು ನಾನು ಕೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಹೊರಡುವ ಹುಡುಗಿ ಇದ್ದರೆ, ದಯವಿಟ್ಟು ನೀವು ಕೇಳಿ.